ಎಲೆಯ ಮೇಲಿನ ಸಿಹಿ

"ನೆಕ್ಕಬೇಡಿ ಅಂದೆ!"

ಅಕ್ಕ ಕೂಗುವಷ್ಟರಲ್ಲಿ ತಡವಾಗಿತ್ತು. ಯಜಮಾನರು ಎಲೆಗೆ ಒತ್ತಿದ ಬೆರಳನ್ನು ಬಾಯಿಗಿಟ್ಟುಕೊಂಡಾಗಿತ್ತು. ಕಳೆದ ವಾರ ಹೀಗೇ ಒಂದು ಎಲೆಯ ರುಚಿ ನೋಡಿ, "ಸಿಹಿ ಇದೆ, ಇದು ನನ್ನ ಸೊಸೆಯ ಸಕ್ಕರೆ" ಎಂದು ದೂರು ಕೊಟ್ಟವರು, ಈಗ ಎರಡನೆಯ ಸಾಕ್ಷಿಯನ್ನೂ ನುಂಗಿ ನಿಂತಿದ್ದರು.

"ಸಿಹಿನೇ ಮೇಡಂ. ಅನುಮಾನ ಇದ್ರೆ ನೀವೂ ನೋಡಿ."

"ನನ್ನ ಸರ್ವೀಸಲ್ಲಿ ಸಾಕ್ಷಿ ಕದ್ದವರನ್ನ ನೋಡಿದೀನಿ, ಸುಟ್ಟವರನ್ನ ನೋಡಿದೀನಿ. ತಿಂದವರು ನೀವೇ ಮೊದಲು," ಎಂದಳು ಅಕ್ಕ.

ನನ್ನ ಅಕ್ಕ ಪೊಲೀಸ್ ಇಲಾಖೆಯಲ್ಲಿ ಬೆರಳ ಗುರುತು ಹುಡುಕುವ ಕೆಲಸ ಮಾಡಿ ನಿವೃತ್ತಳಾದವಳು. ನಿವೃತ್ತಿ ಎನ್ನುವುದು ಕಾಗದದ ಮೇಲಿನ ಮಾತು ಅಷ್ಟೇ. ಬೀದಿಯಲ್ಲಿ ಯಾರ ಉಂಗುರ ಕಳೆದರೂ, ಯಾರ ಬೆಕ್ಕು ಮನೆಗೆ ಬಾರದಿದ್ದರೂ ನಮ್ಮ ಮನೆಯ ಗಂಟೆ ಬಡಿಯುತ್ತದೆ. ಅವಳಿಗೆ ಒಂದು ಹಳೆಯ ನಿಯಮವಿದೆ: ವಿಷಯ ಇತ್ಯರ್ಥವಾಗುವವರೆಗೆ ಆ ಮನೆಯಲ್ಲಿ ಒಂದು ತೊಟ್ಟು ನೀರನ್ನೂ ಕುಡಿಯುವುದಿಲ್ಲ. ಟೀ ಕುಡಿದ ಮನೆಯ ಮೇಲೆ ವರದಿ ಬರೆಯಲು ಕೈ ಏಳುವುದಿಲ್ಲವಂತೆ.

ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಅಕ್ಕನನ್ನು ಕಾರಿನಲ್ಲಿ ಹೊತ್ತು ತಿರುಗುವುದು, ಅವಳು ಬೈದರೆ ಬೈಸಿಕೊಳ್ಳುವುದು ನನ್ನ ಪಾಲಿಗೆ ಬಂದ ಭಾಗ್ಯ. ಕಲಿಯುವವರ ಪಕ್ಕ ಕೂರುವ ನಮ್ಮ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಅದರ ಅಭ್ಯಾಸದಿಂದ ಎಲ್ಲಿ ಅಪಾಯ ಕಂಡರೂ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತದೆ. ಯಜಮಾನರು ಬೆರಳು ನೆಕ್ಕಿದಾಗಲೂ ಒತ್ತಿತು.

ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಗೋಡೆಯ ತುಂಬ ಗಡಿಯಾರಗಳು, ಒಂದೂ ಇನ್ನೊಂದರ ಮಾತು ಕೇಳುವುದಿಲ್ಲ. ಕೆಲಸದ ಮೇಜಿನ ಮೇಲೆ ಕಪ್ಪು ಮಖಮಲ್ಲಿನ ಬಟ್ಟೆ, ಚಿಮುಟ, ಪುಟ್ಟ ಪುಟ್ಟ ಬ್ರಶ್‌ಗಳು, ಸ್ಪಿರಿಟ್ ಬಾಟಲಿ. ಮೇಜಿನಾಚೆ ಗಾಜಿನ ಕಿಟಕಿ, ಕಿಟಕಿಗೆ ತಾಗಿದಂತೆ ಹಲಗೆಗಳ ಮೇಲೆ ದಪ್ಪೆಲೆಯ ಗಿಡಗಳು. ಗಿಡ ಮಾರುವವರು ಸಕ್ಯುಲೆಂಟ್ ಎನ್ನುತ್ತಾರೆ. ಯಜಮಾನರು "ನನ್ನ ಮಕ್ಕಳು" ಎನ್ನುತ್ತಾರೆ. ಹೂವಿನಂತೆ ಸುತ್ತಿಕೊಂಡವು, ಬೆರಳಿನಂತೆ ನಿಂತವು, ಮೈತುಂಬ ರೋಮವಿರುವವು, ಮುಳ್ಳಿರುವವು.

ಆ ಮಕ್ಕಳಲ್ಲಿ ಅರ್ಧಕ್ಕರ್ಧ ಈಗ ಅಂಟಂಟು. ಮುಟ್ಟಿದರೆ ಬೆರಳು ಬಿಡಲಿಕ್ಕೆ ಒಲ್ಲೆ ಎನ್ನುತ್ತದೆ. ಕೆಲವು ಎಲೆಗಳ ಮೇಲೆ ಮಸಿಯಂಥ ಬೂಷ್ಟು. ಒಂದೆರಡು ಗಿಡಗಳು ಸೊರಗಿ, ತಲೆ ಒಂದು ಕಡೆ ವಾಲಿಸಿದ್ದವು.

ಪಕ್ಕದ ಕೋಣೆಯಿಂದ ತಗಡಿನ ಅಚ್ಚುಗಳನ್ನು ಒಂದರೊಳಗೊಂದು ಇಡುವ ಸದ್ದು ಬರುತ್ತಿತ್ತು. ಸೊಸೆ ಗಂಟುಮೂಟೆ ಕಟ್ಟುತ್ತಿದ್ದಳು. ಅವಳು ಮನೆಯಲ್ಲೇ ಕೇಕ್ ಮಾಡಿ ಮಾರುವವಳು. ಆ ಕೋಣೆಯಲ್ಲಿ ಸಕ್ಕರೆ ಪಾಕ ಕುದಿಯುತ್ತದೆ, ಸಕ್ಕರೆ ಪುಡಿ ಹಾರುತ್ತದೆ. ಆ ಪುಡಿಯೇ ಗಿಡಗಳ ಮೇಲೆ ಕೂತಿದೆ ಎಂಬುದು ಯಜಮಾನರ ವಾದ. ವಾದ ಬೆಳೆದು ಅವರ ಬಾಯಿಂದ ಒಂದು ಮಾತು ಜಾರಿತ್ತು: "ಈ ಮನೇಲಿ ಒಂದೋ ನಿನ್ನ ಸಕ್ಕರೆ ಇರಬೇಕು, ಒಂದೋ ನನ್ನ ಗಿಡ."

ಸೊಸೆ ಎದುರು ಮಾತಾಡಲಿಲ್ಲ. ಎರಡು ಬೀದಿ ಆಚೆ ಒಂದು ಅಡುಗೆಕೋಣೆ, ಮಲಗಲು ಒಂದು ರೂಮು ನೋಡಿಕೊಂಡು ಬಂದಳು. ಗಂಡ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವವನು, ಯಾವ ಸಮುದ್ರದಲ್ಲಿದ್ದಾನೋ. ಇಷ್ಟು ಕಾಲ ಈ ಮನೆಯಲ್ಲಿ ಮಾವ, ಸೊಸೆ ಇಬ್ಬರೇ. ಅವರು ಊಟಕ್ಕೆ ಕೂತು ಒಬ್ಬರನ್ನೊಬ್ಬರು ಚುಡಾಯಿಸುವುದು ಬೀದಿಗೆಲ್ಲ ಕೇಳುತ್ತಿತ್ತು. ಈಗ ಮಧ್ಯಾಹ್ನ ಸಾಮಾನಿನ ಗಾಡಿ ಬರುವುದಿತ್ತು. ಅದು ಹೊರಟರೆ ಈ ಮನೆಯಲ್ಲಿ ಉಳಿಯುವುದು ಟಿಕ್ ಟಿಕ್ ಮಾತ್ರ.

ಅಷ್ಟರೊಳಗೆ ಅಕ್ಕ ಕಳ್ಳನನ್ನು ಹಿಡಿಯಬೇಕಿತ್ತು.

"ಮೇಲಿನ ಮನೆಯವರು?" ಎಂದೆ ನಾನು. "ಅವರ ಬಾಲ್ಕನಿಯಲ್ಲಿ ಬಳ್ಳಿ ಇಳಿಬಿಟ್ಟಿದಾರೆ. ಅದರಿಂದ ಏನಾದ್ರೂ ತೊಟ್ಟಿಕ್ಕಿ..."

"ಗಾಜು ತೂರಿ ತೊಟ್ಟಿಕ್ಕುತ್ತಾ? ಸುಮ್ನಿರೇ."

ಅಕ್ಕ ಕಿಟಕಿಯ ಚೌಕಟ್ಟಿನ ಮೇಲೆ ಬೆರಳಾಡಿಸಿದಳು. ಅಲ್ಲಿ ಇರುವೆಗಳ ಒಂದು ಸಾಲು ಶಿಸ್ತಾಗಿ ಏರುತ್ತಿತ್ತು, ಇನ್ನೊಂದು ಸಾಲು ಅಷ್ಟೇ ಶಿಸ್ತಾಗಿ ಇಳಿಯುತ್ತಿತ್ತು. ನಮ್ಮೂರಿನ ವಾಹನ ಚಾಲಕರಿಗೆ ಅಷ್ಟು ಶಿಸ್ತು ಬಂದ ದಿನ ನಾನು ಕೆಲಸ ಬಿಡುತ್ತೇನೆ.

"ಈ ಇರುವೆ ಎಲ್ಲಿಗೆ ಹೋಗ್ತಿದೆ ಗೊತ್ತಾ ಯಜಮಾನ್ರೆ?"

"ಸಕ್ಕರೆಗೆ."

"ಸಕ್ಕರೆ ಡಬ್ಬ ಇರೋದು ಆ ಕೋಣೇಲಿ. ಇವು ಅದಕ್ಕೆ ಬೆನ್ನು ತಿರುಗಿಸಿ ನಿಮ್ಮ ಗಿಡಕ್ಕೆ ಹೋಗ್ತಿವೆ."

ಅಕ್ಕ ಪಕ್ಕದ ಕೋಣೆಗೆ ನಡೆದಳು. ನಾವಿಬ್ಬರೂ ಬಾಲದಂತೆ ಹಿಂದೆ.

ಸೊಸೆ ರಟ್ಟಿನ ಖೋಕಾ ಒಂದಕ್ಕೆ ಟೇಪು ಅಂಟಿಸುತ್ತಿದ್ದಳು. ಗುಂಡು ಮುಖ, ಹುಬ್ಬಿನ ಮೇಲೆ ಸಕ್ಕರೆ ಪುಡಿಯ ಗೆರೆ. ಅತ್ತಿದ್ದಾಳೆಂದು ಯಾರು ನೋಡಿದರೂ ತಿಳಿಯುತ್ತಿತ್ತು, ಮಾವನಿಗೆ ತಿಳಿಯಬಾರದೆಂಬ ಹಟವೂ ತಿಳಿಯುತ್ತಿತ್ತು.

"ಬನ್ನಿ ಮೇಡಂ. ಟೀ ಮಾಡ್ಲಾ?"

"ಬೇಡಮ್ಮ. ಇದು ನಿಂದಾ?" ಅಕ್ಕ ತೋರಿಸಿದ್ದು ಒಲೆಯ ಪಕ್ಕದಲ್ಲೇ ಇದ್ದ ಒಂದು ಪುಟ್ಟ ಕುಂಡವನ್ನು. ಯಜಮಾನರ ಗಿಡದ್ದೇ ಮರಿ, ಹೂವಿನಂತೆ ಸುತ್ತಿಕೊಂಡದ್ದು. ಪಾಕದ ಬಾಣಲೆಗೂ ಅದಕ್ಕೂ ಒಂದು ಗೇಣು ಅಂತರ.

"ಹೂಂ. ಮಾವನೇ ಕೊಟ್ಟಿದ್ದು, ನಾನು ಬಂದ ಹೊಸದರಲ್ಲಿ."

ಅಕ್ಕ ಎಲೆ ಮುಟ್ಟಿದಳು. ನನ್ನನ್ನೂ ಮುಟ್ಟು ಎಂದಳು. ಧೂಳಿತ್ತು, ಸಕ್ಕರೆ ಪುಡಿಯೂ ಇತ್ತು, ಊದಿದರೆ ಹಾರಿತು. ಅಂಟು ಮಾತ್ರ ಇರಲಿಲ್ಲ.

"ಸಕ್ಕರೆಯ ಬಾಯಲ್ಲೇ ಕೂತಿರೋ ಗಿಡ ಚೆನ್ನಾಗಿದೆ. ಗೋಡೆಯಾಚೆ ಇರೋ ಗಿಡಕ್ಕೆ ಅಂಟು. ನೀವೇ ಹೇಳಿ ಯಜಮಾನ್ರೆ."

ಯಜಮಾನರು ಕುಂಡ ನೋಡಲಿಲ್ಲ. ಕೋಣೆಯ ಎತ್ತರದ ಕಿಟಕಿಯ ಹಲಗೆಯ ಮೇಲೆ ಒಂಟಿಯಾಗಿದ್ದ ಜೇಡ್ ಗಿಡವನ್ನು ನೋಡುತ್ತಿದ್ದರು. ದಪ್ಪ ಕಾಂಡ, ನಾಣ್ಯದಂಥ ಹಸಿರೆಲೆ, ಕೆಳಗಿನಿಂದ ಕಂಡಷ್ಟಕ್ಕೆ ದಷ್ಟಪುಷ್ಟವಾಗಿತ್ತು.

"ಅದು ನಮ್ಮನೆಯವಳದ್ದು," ಎಂದರು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿವೆ. ಹೊಲಿಗೆ ಕೆಲಸ ಮಾಡುತ್ತಿದ್ದವರು. "ಗಿಡ ಎಳೇದಿದ್ದಾಗ ಕಡ್ಡಿಗೆ ಹೊಲಿಗೆ ದಾರದಲ್ಲಿ ಕಟ್ಟಿದ್ಲು. ಬಿಚ್ಚೋದು ಮರೆತೇ ಬಿಟ್ಲು. ಕಾಂಡ ದಪ್ಪ ಆಗಿ ದಾರ ಒಳಗೆ ಕೂತ್ಕೊಂಡ್ತು. ಈಗ್ಲೂ ಸುತ್ತ ಒಂದು ಗುರುತಿದೆ, ಉಂಗುರ ತೆಗೆದ ಬೆರಳಿನ ಹಾಗೆ. ಹೋಗೋ ಮುಂಚೆ ಇವಳ ಕೈಗೆ ಕೊಟ್ಟು ಹೇಳಿದ್ಲು, 'ಇದನ್ನ ಅವರ ಕೈಗೆ ಕೊಡಬೇಡ, ಮುದ್ದು ಮಾಡಿಯೇ ಸಾಯಿಸ್ತಾರೆ' ಅಂತ. ಅವತ್ತಿಂದ ನಾನು ಮುಟ್ಟಿಲ್ಲ. ಮಂಡಿನೋವು ಬೇರೆ, ಸ್ಟೂಲು ಹತ್ತೋಕಾಗಲ್ಲ. ಕೆಳಗಿಂದಲೇ ನೋಡ್ಕೋತೀನಿ."

ಸೊಸೆ ಟೇಪು ಹರಿಯುವುದನ್ನು ನಿಲ್ಲಿಸಿದ್ದಳು. ಆಮೇಲೆ ಬೇಗ ಬೇಗ ಹರಿದಳು.

ಅಕ್ಕನ ಕಣ್ಣು ಒಮ್ಮೆ ಅವಳ ಮೇಲೆ ಹೋಗಿ ಬಂತು. "ಬನ್ನಿ," ಎಂದು ಯಜಮಾನರನ್ನು ಅಂಗಡಿಗೆ ಕರೆತಂದಳು.

"ಈಗ ನನಗೊಂದು ಸಹಾಯ ಮಾಡಿ. ದಿನಾ ಬೆಳಿಗ್ಗೆ ಎದ್ದು ಈ ಗಿಡಗಳಿಗೆ ಏನೇನು ಮಾಡ್ತೀರೋ, ಹಾಗೇ ಮಾಡಿ ತೋರಿಸಿ. ಒಂದೂ ಬಿಡಬೇಡಿ."

ಇಷ್ಟು ಹೇಳಿದ್ದೇ ತಡ, ಯಜಮಾನರಿಗೆ ಹತ್ತು ವರ್ಷ ಕಡಿಮೆಯಾಯಿತು. ಮೇಜಿನ ಮೇಲಿಂದ ಎಲ್ಲಕ್ಕಿಂತ ಮೆತ್ತನೆಯ ಬ್ರಶ್ ಆರಿಸಿದರು. ಗಡಿಯಾರದ ಹಲ್ಲಿನ ಚಕ್ರಗಳ ಧೂಳು ತೆಗೆಯುವಂಥದ್ದು. ಮೊದಲ ಹಲಗೆಯ ತುದಿಯಲ್ಲಿದ್ದ ನೀಲಿ ಕುಂಡದಿಂದ ಶುರು.

"ಇದು ಹೊಸಬ. ಮಾರುಕಟ್ಟೇಲಿ ನೋಡಿದ ತಕ್ಷಣ ಮನಸು ಸೋತೆ. ಹೊಸಬರಿಗೆ ಮೊದಲ ಮರ್ಯಾದೆ," ಎನ್ನುತ್ತ ಎಲೆಯ ಮೇಲೆ, ಎಲೆಯ ಕೆಳಗೆ, ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ, ಮಗುವಿನ ಕಿವಿ ಒರೆಸಿದಂತೆ ಒರೆಸಿದರು. ಅದು ಮುಗಿದ ಮೇಲೆ ಪಕ್ಕದ್ದು. ಅದರ ಪಕ್ಕದ ರೋಮದ ಗಿಡವನ್ನು ಬಿಟ್ಟರು. "ಇವನಿಗೆ ಕಚಗುಳಿ, ಬ್ರಶ್ ಆಗಲ್ಲ." ಮುಳ್ಳಿನದನ್ನೂ ಬಿಟ್ಟರು. ಮತ್ತೆ ನುಣ್ಣನೆಯ ಎಲೆಯದು. ಹೀಗೆ ಮೇಲಿನ ಹಲಗೆ, ಕೆಳಗಿನ ಹಲಗೆ.

ನೋಡುತ್ತ ನೋಡುತ್ತ ನನಗೂ ಹೊಳೆಯಿತು. ಬ್ರಶ್ ಹೋದ ಗಿಡಗಳೆಲ್ಲ ಅಂಟು. ಬ್ರಶ್ ಬಿಟ್ಟವು ನಗುನಗುತ್ತಿದ್ದವು. ರೋಮದ್ದು, ಮುಳ್ಳಿನದು, ಒಲೆಯ ಪಕ್ಕದ ಸೊಸೆಯದು.

"ಅಕ್ಕಾ..." ಎಂದೆ.

ಅಕ್ಕ ಕೈ ಎತ್ತಿ ತಡೆದಳು. "ಬ್ರಶ್ ಕೊಡಿ ಯಜಮಾನ್ರೆ."

ಅವಳು ಅದನ್ನು ಮೇಜಿನ ಕಪ್ಪು ಮಖಮಲ್ಲಿನ ಮೇಲೆ ಹಿಡಿದು ಉಗುರಿನಿಂದ ಮೆಲ್ಲಗೆ ತಟ್ಟಿದಳು. ಬಿಳಿಯ ಹುಡಿ ಉದುರಿತು. ಹಿಟ್ಟಿನ ಕಣದಷ್ಟು, ಅದಕ್ಕಿಂತಲೂ ಸಣ್ಣ.

"ಸಕ್ಕರೆ ಪುಡಿ!" ಎಂದರು ಯಜಮಾನರು, ಗೆದ್ದ ದನಿಯಲ್ಲಿ.

"ನಿಮ್ಮ ಭೂತಗನ್ನಡಿ ಹಾಕ್ಕೊಂಡು ನೋಡಿ."

ಅವರು ಆ ಪುಟ್ಟ ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಾಗಿದರು. ಗೋಡೆಯ ಗಡಿಯಾರಗಳು ತಮ್ಮ ಪಾಡಿಗೆ ತಾವು ಮಾತಾಡಿಕೊಳ್ಳುತ್ತಿದ್ದವು.

"ನಡೀತಿದೆ," ಎಂದರು ಕೊನೆಗೆ. ದನಿ ಸಣ್ಣದಾಗಿತ್ತು. "ಈ ಸಕ್ಕರೆಗೆ ಕಾಲಿದೆ."

"ಹಿಟ್ಟುತಿಗಣೆ. ಇವು ಮರಿಗಳು. ದೊಡ್ಡವು ಹತ್ತಿಯ ಎಳೆ ಹೊದ್ದುಕೊಂಡು ಎಲೆಯ ಸಂದೀಲಿ ಕೂತಿರ್ತಾವೆ." ಅಕ್ಕ ಚಿಮುಟದಿಂದ ನೀಲಿ ಕುಂಡದ ಗಿಡದ ಒಂದು ಎಲೆ ಸರಿಸಿ ತೋರಿಸಿದಳು. ಒಳಗೆ ಬಿಳಿಯ ಹತ್ತಿಯ ಚೂರು, ಅದರಡಿ ಗುಲಾಬಿ ಹೊಟ್ಟೆಯ ಹುಳು. "ಗಿಡದ ರಸ ಹೀರ್ತಾವೆ. ಮಿಕ್ಕ ಸಿಹಿ ನೀರನ್ನ ಹಿಂದಿನಿಂದ ಬಿಡ್ತಾವೆ. ಅದೇ ಈ ಅಂಟು. ಆ ಸಿಹಿಗೆ ಇರುವೆ ಬರುತ್ತೆ, ಹುಳುವನ್ನ ಕಾಯುತ್ತೆ, ಬೇರೆ ಗಿಡಕ್ಕೂ ಹೊತ್ತು ಹಾಕುತ್ತೆ. ಆಮೇಲೆ ಆ ಸಿಹಿ ಮೇಲೇನೇ ಕಪ್ಪು ಬೂಷ್ಟು."

ಯಜಮಾನರು ತಮ್ಮ ಬೆರಳು ನೋಡಿಕೊಂಡರು. ನೆಕ್ಕಿದ ಬೆರಳು. ಮುಖ ಕಿವುಚಿದರು. ನಾನು ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗಿಕೊಂಡೆ.

"ಹೊಸ ಗಿಡ ತಂದರೆ ಕೆಲವು ವಾರ ಬೇರೆ ಕೋಣೇಲಿ ಇಡಬೇಕಿತ್ತು. ನೀವು ಮನಸು ಸೋತು ಮಧ್ಯಕ್ಕೇ ತಂದು ಇಟ್ರಿ. ಆಮೇಲೆ ದಿನಾ ಬೆಳಿಗ್ಗೆ ಅದರ ಸಂದೀಲಿ ಆಡಿಸಿದ ಬ್ರಶ್‌ನ..."

"ಬೇಡ ಮೇಡಂ. ಅರ್ಥ ಆಯ್ತು."

ಅಕ್ಕ ಅಲ್ಲಿಗೇ ನಿಲ್ಲಿಸಿದಳು. ಅವಳ ದನಿ ಮೆತ್ತಗಾಗುವುದು ಅಪರೂಪ. ಈಗ ಆಯಿತು.

"ನಮ್ಮ ಕೆಲಸದಲ್ಲೂ ಬ್ರಶ್ಶೇ ಯಜಮಾನ್ರೆ. ಬೆರಳ ಗುರುತಿಗೆ ಪುಡಿ ಹಚ್ಚೋ ಬ್ರಶ್. ಒಂದು ಮನೇಲಿ ಆಡಿಸಿದ್ದನ್ನ ಹಾಗೇ ಇನ್ನೊಂದು ಮನೆಗೆ ಒಯ್ಯೋ ಹಾಗಿಲ್ಲ. ಆ ಮನೆಯ ಕಣ ಈ ಮನೆಗೆ ಹೋಗುತ್ತೆ, ತಪ್ಪು ಮಾಡದವರ ಮೇಲೆ ತಪ್ಪು ಬರುತ್ತೆ. ನಿಮ್ಮ ಬ್ರಶ್ ನೋಡಿದ ಕ್ಷಣ ನನಗೆ ಅದೇ ನೆನಪಾಯ್ತು."

ಯಜಮಾನರು ಕುರ್ಚಿಯಲ್ಲಿ ಕೂತರು. ಜೀವಮಾನವಿಡೀ ಕೂದಲೆಳೆಯಷ್ಟು ಕೊಳೆಯನ್ನೂ ಗಡಿಯಾರದೊಳಗೆ ಬಿಡದ ಮನುಷ್ಯ, ತಮ್ಮ ಕೈಯಾರೆ ಹುಳು ಹಂಚಿದ್ದರು. ಅದೂ ಪ್ರೀತಿಯಿಂದ, ಒಂದು ದಿನವೂ ತಪ್ಪಿಸದೆ. ಅವರನ್ನು ನೋಡಿ ನನಗೆ ಪಾಪ ಅನ್ನಿಸಿತು. ಜೊತೆಗೆ ಸೊಸೆಗೆ ಅಂದ ಮಾತು ನೆನಪಾಗಿ ಸಿಟ್ಟೂ ಬಂತು.

"ಎಲ್ಲಾ ಎಸೆಯಬೇಕಾ?" ಎಂದು ಕೇಳಿದರು.

"ಏನೂ ಬೇಡ. ಮದ್ದು ನಿಮ್ಮ ಮೇಜಿನ ಮೇಲೇ ಇದೆ. ಸ್ವಲ್ಪ ಹತ್ತಿ ಬೇಕಿತ್ತು..."

ಮಾತು ಮುಗಿಯುವ ಮೊದಲೇ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಕೈಯಲ್ಲಿ ಹತ್ತಿ ಸುತ್ತಿದ ಕಡ್ಡಿಗಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂಬುದು ಸ್ಪಷ್ಟ. ಮುಖದಲ್ಲಿ ಆಶ್ಚರ್ಯ ಮಾತ್ರ ಇರಲಿಲ್ಲ. ನಾನು ಅದನ್ನು ಗಮನಿಸಿದೆ, ಗಮನಿಸಿ ಮರೆತೆ. ಅಕ್ಕ ಗಮನಿಸಿ ಮರೆಯುವವಳಲ್ಲ.

"ಸ್ಪಿರಿಟ್‌ಗೆ ಸ್ವಲ್ಪ ನೀರು ಬೆರೆಸಬೇಕು ಅಲ್ವಾ ಮೇಡಂ?" ಎಂದಳು ಸೊಸೆ. "ಮೊದಲು ಒಂದೇ ಎಲೆಗೆ ಹಚ್ಚಿ, ಮಾರನೇ ದಿನ ನೋಡಿ, ಆಮೇಲೆ ಮಿಕ್ಕಿದ್ದಕ್ಕೆ."

"ಹೌದು. ಹುಳು ಇರೋ ಜಾಗಕ್ಕೆ ಮುಟ್ಟಿಸಿದ್ರೆ ಸಾಕು. ಬೂದಿಯಂಥ ಪುಡಿ ಇರೋ ಎಲೆ ಉಜ್ಜಬಾರದು, ಅದು ಗಿಡದ್ದೇ ರಕ್ಷಣೆ. ಒಣಗೋವರೆಗೆ ಬಿಸಿಲಿಗೆ ಇಡಬಾರದು. ಅಂಟನ್ನ ಒದ್ದೆ ಬಟ್ಟೇಲಿ ಒರೆಸಿ. ರೋಗದವನ್ನ ಬೇರೆ ಹಲಗೆಗೆ ಹಾಕಿ. ಮೊಟ್ಟೆ ಒಡೀತಾ ಇರ್ತಾವೆ, ಅದಕ್ಕೇ ವಾರ ವಾರಾನೂ ಮಾಡಬೇಕು. ಸೊರಗಿರೋದನ್ನ ಕುಂಡದಿಂದ ಎತ್ತಿ ಬೇರು ನೋಡಿ, ಅಲ್ಲೂ ಅಡಗಿರ್ತಾವೆ." ಅಕ್ಕ ಒಂದು ಕ್ಷಣ ತಡೆದು ಕೇಳಿದಳು, "ನಿನಗೆ ಹೇಗೆ ಗೊತ್ತಮ್ಮ?"

"ಎಲ್ಲೋ ಕೇಳಿದ್ದೆ," ಎಂದಳು ಸೊಸೆ, ನೆಲ ನೋಡುತ್ತ.

ಯಜಮಾನರು ಎದ್ದರು. ಸೊಸೆಯ ಎದುರು ಹೋಗಿ ನಿಂತರು. ಕ್ಷಮೆ ಕೇಳುವ ಅಭ್ಯಾಸವಿಲ್ಲದ ಬಾಯಿ. ಕೊನೆಗೆ ಅವಳನ್ನು ದಾಟಿ ಪಕ್ಕದ ಕೋಣೆಗೆ ಹೋದರು. ಟೇಪು ಕಿತ್ತ ಸದ್ದು ಕೇಳಿತು. ಆಮೇಲೆ ತಗಡಿನ ಸದ್ದು.

ನಾವು ಹೋಗಿ ನೋಡಿದರೆ, ಖೋಕಾದಿಂದ ಕೇಕ್ ಅಚ್ಚುಗಳನ್ನು ಒಂದೊಂದಾಗಿ ತೆಗೆದು ಗೋಡೆಯ ಗೂಡಿನಲ್ಲಿ ಜೋಡಿಸುತ್ತಿದ್ದರು. ದುಂಡಗಿನದು ದುಂಡಗಿನದರ ಜೊತೆ, ಚೌಕದ್ದು ಚೌಕದ್ದರ ಜೊತೆ.

"ಮಾವ, ಅದು ಆ ಜಾಗ ಅಲ್ಲ."

"ಮತ್ತೆ ಎಲ್ಲಿ? ನೀನೇ ಇಟ್ಕೋ. ಗಾಡಿಯವನಿಗೆ ಫೋನ್ ಮಾಡಿ ಬರಬೇಡ ಅನ್ನು." ಬೆನ್ನು ತಿರುಗಿಸಿಯೇ ಹೇಳಿದರು. "ನನ್ನ ನಾಲಿಗೆಗೆ ರುಚಿ ಗೊತ್ತೇ ಹೊರತು ಮಾತು ಗೊತ್ತಿಲ್ಲ. ನಿನಗೆ ಹಾಗೆ ಅನ್ನಬಾರದಿತ್ತು, ಮಗಳೇ."

ಸೊಸೆ ಅಳುತ್ತಲೇ ನಕ್ಕಳು. "ಹುಳುವಿನ ಸಿಹಿ ಸಕ್ಕರೆ ಅನ್ನೋ ನಾಲಿಗೆಗೆ ರುಚಿ ಗೊತ್ತು ಅಂತಾನೂ ಹೇಳೋಕಾಗಲ್ಲ ಮಾವ."

"ಹೇಳು ಹೇಳು. ಇನ್ನು ವರ್ಷಗಟ್ಟಲೆ ಇದನ್ನೇ ಹೇಳ್ತೀಯ ನೀನು."

ಇಬ್ಬರೂ ನಕ್ಕರು. ನನಗೆ ಕಣ್ಣು ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ. ಕೇಸು ಮುಗಿಯಿತು, ಇನ್ನು ಒಂದು ಲೋಟ ಟೀ ಸಿಗಬಹುದು ಎಂದುಕೊಂಡೆ.

ಆಗ ಯಜಮಾನರು ತಲೆ ಎತ್ತಿ ಎತ್ತರದ ಹಲಗೆ ನೋಡಿದರು.

"ನನ್ನ ಕೈ ತಾಗದೆ ಇರೋದು ಅದೊಂದೇ. ಅವಳು ಹೇಳಿದ್ದು ಸರಿಯಾಗೇ ಇತ್ತು ನೋಡಿ. ಆದ್ರೆ ಇರುವೆ ಹೊತ್ತು ಹಾಕುತ್ತೆ ಅಂದ್ರಲ್ಲ ಮೇಡಂ? ಒಂದ್ಸಲ ಕೆಳಗಿಳಿಸಿ. ನೋಡೇ ಬಿಡೋಣ."

"ಅದು ಚೆನ್ನಾಗಿದೆ ಮಾವ," ಎಂದಳು ಸೊಸೆ. "ನಾನು ದಿನಾ ನೋಡ್ತೀನಿ. ಯಾಕೆ ಸುಮ್ನೆ..."

ನನಗೆ ಬುದ್ಧಿ ಬೇಡವೇ? ಎತ್ತರ ಇರುವವಳು ನಾನು, ಉಪಕಾರದ ಹುಮ್ಮಸ್ಸೂ ನನ್ನದೇ. ಆಗಲೇ ಸ್ಟೂಲು ಹತ್ತಿ ಕುಂಡ ಎತ್ತಿಕೊಂಡಿದ್ದೆ. ಎಲೆ ನುಣುಪಾಗಿತ್ತು, ಅಂಟಿಲ್ಲ, ಹತ್ತಿಯ ಚೂರಿಲ್ಲ. ಕುಂಡ ಹಳೆಯದು, ಅಂಚು ಸವೆದಿತ್ತು. ಇಳಿದು ಅಕ್ಕನ ಕೈಗೆ ಕೊಟ್ಟೆ.

ಅಕ್ಕ ಎಲೆ ನೋಡಿದಳು. ಆಮೇಲೆ ಕಾಂಡದ ಸುತ್ತ ಹೆಬ್ಬೆರಳು ಆಡಿಸಿದಳು, ಬುಡದಿಂದ ಮೇಲಕ್ಕೆ, ಮೇಲಿನಿಂದ ಬುಡಕ್ಕೆ. ಸಾವಿರಾರು ಬೆರಳ ಗುರುತು ಓದಿದ ಬೆರಳು ಅದು. ಇನ್ನೊಮ್ಮೆ ಆಡಿಸಿದಳು. ನಾನೂ ಬಾಗಿ ನೋಡಿದೆ.

ಕಾಂಡ ನುಣ್ಣಗಿತ್ತು. ದಾರದ ಗುರುತು ಎಲ್ಲೂ ಇರಲಿಲ್ಲ.

ಕುಂಡ ಅದೇ, ಗಿಡ ಬೇರೆ.

ಸೊಸೆಯ ಕಡೆ ನೋಡಿದೆ. ಅವಳು ಗೂಡಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅಕ್ಕನ ಕಣ್ಣಲ್ಲಿ ಕಣ್ಣಿಟ್ಟು, ಮಾವನಿಗೆ ಕಾಣದಂತೆ, ಬೇಡ ಎಂದು ತಲೆಯಾಡಿಸಿದಳು. ಹತ್ತಿಯ ಕಡ್ಡಿಗಳು, ಸ್ಪಿರಿಟ್‌ಗೆ ನೀರು, ಒಂದೇ ಎಲೆಗೆ ಮೊದಲು. ಎಲ್ಲೋ ಕೇಳಿದ್ದಲ್ಲ, ಆ ಹಳೆಯ ಗಿಡದ ಮೇಲೇ ಎಲ್ಲವನ್ನೂ ಮಾಡಿ ನೋಡಿದ್ದಳು. ಮಾವ ಸಕ್ಕರೆಯನ್ನು ದೂರಿದಾಗ ಹುಳುವಿನ ಮಾತೆತ್ತದೆ ಇದ್ದದ್ದೂ ಇದನ್ನು ಮುಚ್ಚಿಡಲಿಕ್ಕೇ. ಯಜಮಾನರ ಹೆಂಡತಿಯ ಗಿಡ ಎಲ್ಲಿದೆ? ಇದೆಯೋ, ಇಲ್ಲವೋ?

"ಏನು ಮೇಡಂ, ಹುಳು ಇದೆಯಾ?" ಯಜಮಾನರು ಎರಡೂ ಕೈ ಚಾಚಿದರು.

"ಇಲ್ಲ," ಎಂದಳು ಅಕ್ಕ. ಅದು ನಿಜ. ವರದಿಯಲ್ಲಿ ಒಂದು ಸುಳ್ಳು ಅಕ್ಷರ ಬರೆಯದವಳು ಅವಳು. ಕುಂಡವನ್ನು ಮಾತ್ರ ಎದೆಗೆ ಒತ್ತಿ ಹಿಡಿದಿದ್ದಳು. ಆಮೇಲೆ ನಾನು ಅವಳ ಬಾಯಿಂದ ವಿಷಯ ಇತ್ಯರ್ಥವಾಗದ ಮನೆಯಲ್ಲಿ ಎಂದೂ ಕೇಳದ ಮಾತೊಂದನ್ನು ಕೇಳಿದೆ.

"ಯಜಮಾನ್ರೆ, ಮೊದಲು ಎಲ್ಲರೂ ಕೂತು ಟೀ ಕುಡಿಯೋಣ."

"ಕುಡಿಯೋಣ, ಕುಡಿಯೋಣ. ಅದಕ್ಕೇನು ಅವಸರ." ಯಜಮಾನರು ಜೇಬಿನಿಂದ ಭೂತಗನ್ನಡಿ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಕಣ್ಣಿಗೆ ಸಿಕ್ಕಿಸಿಕೊಂಡರು. ಮುಖದ ತುಂಬ ನಗುವಿತ್ತು.

"ಮೊದಲು ಅದನ್ನ ಇಲ್ಲಿ ಕೊಡಿ. ಅವಳ ದಾರದ ಗುರುತು ನೋಡಿ ಬಹಳ ದಿನ ಆಯ್ತು."

ನನ್ನ ಬಲಗಾಲು ನೆಲವನ್ನು ಒತ್ತಿತು. ಅಲ್ಲಿ ಬ್ರೇಕ್ ಇರಲಿಲ್ಲ.